ಮೌಶಿ ನೋಡಬೇಕೆಂದು ಕೂತ ಆಲ್ಬಮ್

ನಮ್ಮ ಕಡೆ ಆಲ್ಬಮ್ ಅಂದರೆ ಮದುವೆಯದು. ದಪ್ಪ ರಟ್ಟಿನ, ಪೆಟ್ಟಿಗೆಯಲ್ಲಿಟ್ಟು ಕೊಡುವ, ಮನೆಗೆ ಬಂದವರ ತೊಡೆಯ ಮೇಲೆ ಚಹಾಕ್ಕಿಂತ ಮೊದಲು ಬಂದು ಕೂಡುವ ಆ ಭಾರದ ಪುಸ್ತಕ. ಅದು ಬಿಟ್ಟರೆ ಬೇರೆ ಆಲ್ಬಮ್ ಇಲ್ಲ. ಇಷ್ಟು ಸಾದಾ ಮಾತು ನನಗೆ ಹೊಳೆಯದೇ ಹೋಯಿತು. ಲ್ಯಾಪ್‌ಟಾಪ್ ಮುಂದೆ ಕೂತು ಕೂತು ನನ್ನ ತಲೆಯೊಳಗಿನ ಕನ್ನಡವೂ ಬೇರೆ ಆಗಿತ್ತೋ ಏನೋ.

ನಾನು ಮಾಡಿದ್ದು ಹಾಡುಗಳ ಆಲ್ಬಮ್. ಸಿಂಥ್ ಪಾಪ್ ಅನ್ನುತ್ತಾರೆ ಅದಕ್ಕೆ. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ಒಂದು ಸಣ್ಣ ಕೀಬೋರ್ಡಿನಿಂದ ಬೇಕಾದ ದನಿ ಹುಟ್ಟಿಸಿ, ಅದರ ಮೇಲೆ ಹಾಡುವುದು. ಕಲಬುರಗಿಯಲ್ಲಿ ಐವಾನ್-ಎ-ಶಾಹಿ ಕಡೆ ನನ್ನದೊಂದು ಬಾಡಿಗೆ ಕೋಣೆ. ವಿಮಾ ಆಫೀಸಿಗೆ ರಜೆ ಇದ್ದಾಗಲೆಲ್ಲ ಅಲ್ಲಿ ಕೂತು ಹಾಡುತ್ತಿದ್ದೆ. ಹಾಡುವಾಗ ಫ್ಯಾನ್ ಆರಿಸಬೇಕು, ಇಲ್ಲದಿದ್ದರೆ ಅದರ ಗರಗರ ಮೈಕಿನೊಳಗೆ ಬರುತ್ತದೆ. ನಮ್ಮೂರ ಬೇಸಿಗೆಯಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಪ್ರೇಮದ ಸಾಲು ಹಾಡುವವಳಿಗೆ ಯಾರಾದರೂ ಶಾಲು ಹೊದಿಸಬೇಕು. ಹೊದಿಸದಿದ್ದರೇ ಪುಣ್ಯ, ಅಷ್ಟು ಸೆಕೆ. ಒಂದು ಸಾಲು ಸರಿಯಾಗಿ ಬಂತು ಅನ್ನುವಷ್ಟರಲ್ಲಿ ಮೇಲಿನ ಮನೆಯವರು ನೀರಿನ ಮೋಟರ್ ಚಾಲೂ ಮಾಡುತ್ತಿದ್ದರು. ಮತ್ತೆ ಮೊದಲಿನಿಂದ ಹಾಡುವುದು.

ಯಾವ ಕಂಪನಿಯೂ ಕೇಳಲಿಲ್ಲ, ನಾನೇ ಇಂಟರ್‌ನೆಟ್ಟಿಗೆ ಹಾಕಿದೆ. ಆಫೀಸಿನವರಿಗೆಲ್ಲ ಲಿಂಕ್ ಕಳಿಸಿದೆ. ತೆರೆದು ನೋಡದೆಯೇ "ಭಾಳ ಚೊಲೋ ಅದ ರೀ" ಅಂದರು. ಮೋಮಿನಪುರದಲ್ಲಿ ಆಟೋದವರಿಗೆ ಪೆನ್ ಡ್ರೈವಿನಲ್ಲಿ ಹಾಡು ತುಂಬಿಸಿಕೊಡುವ ಒಂದು ಅಂಗಡಿಯಿದೆ. ಅಲ್ಲಿಗೂ ನಾಚಿಕೆ ಬಿಟ್ಟು ಹೋದೆ, ನನ್ನ ಹಾಡನ್ನೂ ಒಂದಿಷ್ಟು ಜನರಿಗೆ ತುಂಬಿಸಿ ಕೊಡಿ ಅಂತ. ಅಂಗಡಿಯವರು ಒಳ್ಳೆಯವರು, ತಲೆ ಬಾಗಿಸಿ ಬಹಳ ಹೊತ್ತು ಕೇಳಿದರು. ಆಮೇಲೆ, "ಮೇಡಮ್, ಗಾನಾ ಕಬ್ ಚಾಲೂ ಹೋತಾ?" ಅಂದರು. ಶುರುವಾಗುವುದೇನು, ಅಷ್ಟರಲ್ಲಿ ಹಾಡು ಅರ್ಧ ಮುಗಿದಿತ್ತು.

ಅವತ್ತು ಕೋಣೆಗೆ ಬಂದು ಕೈಚೆಲ್ಲಿ ಕೂತೆ. ನೀರಿನಲ್ಲಿ ಹೋಮ ಮಾಡಿದ್ದೆ ಅನ್ನಿಸಿತು. ಆದರೂ ಒಂದು ಆಸೆ ಉಳಿದಿತ್ತು: ಕಮಲಾಪುರದ ಮೌಶಿ. ಅವಳು ನನ್ನ ಅವ್ವನ ತಂಗಿ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಒಂದು ಕಾಲಕ್ಕೆ ನಮ್ಮ ಬಳಗದ ಯಾವ ಮದುವೆಯೂ ಅವಳ ಬೀಗರ ಹಾಡಿಲ್ಲದೆ ನಡೆಯುತ್ತಿರಲಿಲ್ಲ. ಗಂಡಿನ ಕಡೆಯವರ ಮೂಗು, ಹೊಟ್ಟೆ, ಜಿಪುಣತನ ಎಲ್ಲವನ್ನೂ ಹಾಡಿನಲ್ಲೇ ಕಿಚಾಯಿಸಿ, ಬೈಸಿಕೊಂಡವರೇ ಬಿದ್ದು ಬಿದ್ದು ನಗುವಂತೆ ಮಾಡುತ್ತಿದ್ದಳು. ಈಗ ಮದುವೆಗಳೆಲ್ಲ ಡಿಜೆ ಪಾಲಾಗಿವೆ. ಅವಳನ್ನು ಊಟಕ್ಕೆ ಕರೆಯುತ್ತಾರೆ, ಹಾಡು ಅನ್ನುವುದಿಲ್ಲ.

ಹಿಂದೊಮ್ಮೆ ನೆಂಟರ ಮದುವೆಯಲ್ಲಿ ಅವಳು ಹಾಡಿದ್ದನ್ನು ಮೊಬೈಲಿನಲ್ಲಿ ತುಂಬಿಸಿಕೊಂಡಿದ್ದೆ. ಆಲ್ಬಮ್ಮಿನ ಕಡೆಯ ಹಾಡು ಪೂರಾ ಆ ದನಿಯ ಮೇಲೆಯೇ ನಿಂತಿದೆ. ಅದನ್ನು ನಿಧಾನ ಮಾಡಿ, ಸ್ವರ ಇಳಿಸಿ, ಸುತ್ತಲೂ ಕೀಬೋರ್ಡಿನ ದನಿ ಹರಡಿದ್ದೆ. ಊರೆಲ್ಲ ಕೇಳದಿದ್ದರೆ ಹೋಗಲಿ, ಮೌಶಿ ಕೇಳಿ "ಅಯ್ಯ, ಇದು ನಾನಽ!" ಅಂದರೆ ಸಾಕಿತ್ತು. ಅದೊಂದಕ್ಕಾಗಿ ನಾನು ಜೀವ ಹಿಡಿದುಕೊಂಡಿದ್ದೆ.

ಫೋನ್ ಮಾಡಿದೆ.

"ಮೌಶಿ, ಕಡೀಗೂ ನನ್ನ ಆಲ್ಬಮ್ ಬಂತು. ರವಿವಾರ ತರ್ತೀನಿ."

ಅವಳು ಕೇಳಿದಳು, "ಯಾರಿಗೂ ಹೇಳಲಾರದ ಮಾಡ್ಕೊಂಡಿ?"

"ಹೇಳಿದ್ರ ಎಲ್ಲಾರೂ ನಗತಿದ್ರು, ಮೌಶಿ."

"ನಿನ್ನ ಮನಸಿಗಿ ಬಂದದ ಇಲ್ಲೋ?"

"ಭಾಳ ಬಂದದ."

"ಹಂಗಾದ್ರ ಸಾಕು. ಬರ್ರಿ."

ಹುಟ್ಟಿದಾಗಿನಿಂದ ನನಗೆ "ಬಾ" ಅಂದವಳು ಅವತ್ತು "ಬರ್ರಿ" ಅಂದಳು. ಕಲಾವಿದೆ ಅಂತ ಮರ್ಯಾದೆ ಕೊಟ್ಟಳು ಅಂದುಕೊಂಡೆ. ನನ್ನ ಬುದ್ಧಿಗೆ ಏನನ್ನಬೇಕು!

ರವಿವಾರ ಬಸ್ಸು ಮಹಾಗಾಂವ ದಾಟುವಾಗಲೂ ನಾನು ಯಾವ ಹಾಡು ಮೊದಲು ಹಚ್ಚಲಿ ಅಂತಲೇ ಯೋಚಿಸುತ್ತಿದ್ದೆ. ಮನೆಯಲ್ಲಿ ಜಮಖಾನ ಹಾಸಿತ್ತು. ಓಣಿಯ ಹೆಂಗಸರು ಬಂದು ಕೂತಿದ್ದರು. ಇಷ್ಟು ಜನ ನನ್ನ ಹಾಡು ಕೇಳಲು ಬಂದರೇ ಅಂತ ಕಣ್ಣು ತುಂಬಿ ಬಂತು. ಆಗ ದೇವರ ಮುಂದಿನ ತಟ್ಟೆ ಕಂಡಿತು: ಅಕ್ಕಿ, ತೆಂಗಿನಕಾಯಿ, ಕುಬಸ ಹೊಲಿಸುವ ಕಣದ ಬಟ್ಟೆ, ಕಮಲಾಪುರದ ಕೆಂಪು ಬಾಳೆಹಣ್ಣು. ಹೊಸ ಮದುವೆಯಾಗಿ ಬಂದವಳಿಗೆ ಉಡಿ ತುಂಬಲು ಇಡುವ ಸಾಮಾನು. ಮೌಶಿ ನನ್ನನ್ನು ದಾಟಿ ಬಾಗಿಲಿನತ್ತ ನೋಡುತ್ತಿದ್ದಳು.

"ಅಂವ ಎಲ್ಲಿ?" ಅಂದಳು.

"ಯಾರು?"

ಹೇಳಿ ತಿಳಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಒಬ್ಬಾಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಹಾಡಿಂದೂ ಆಲ್ಬಮ್ ಇರ್ತದಂತ ನೋಡವ್ವ" ಅನ್ನುತ್ತಾ ಒಬ್ಬೊಬ್ಬರೇ ಎದ್ದು ಹೋದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೌಶಿಯ ಮುಖ ಸಪ್ಪಗಾಗಿದ್ದರೂ ಸ್ವಲ್ಪ ಹೊತ್ತಿಗೆ ಅವಳೇ ನನ್ನ ಕೈ ಹಿಡಿದುಕೊಂಡಳು.

"ಅಲ್ಲ ಕೂಸ, ನನ್ನ ಬಿಟ್ಟು ಮದಿವಿ ಮಾಡ್ಕೊಂಡಿ ಅಂತ ನಿದ್ದಿ ಹತ್ತಿಲ್ಲ ನಂಗ. ನಿನ್ನ ಬೀಗರಿಗಿ ಅಂತ ಹಾಡು ಇಟ್ಟೀನಿ. ಹೋಗಲಿ ಬಿಡು. ಏನು ಮಾಡೀದಿ, ಹಚ್ಚು ನೋಡೋಣು."

ಪುಟ್ಟ ಸ್ಪೀಕರ್ ತೆಗೆದು ಹಚ್ಚಿದೆ. ಅವಳು ಒಂದೊಂದು ಹಾಡಿಗೂ ತಲೆಯಾಡಿಸಿದಳು, ನನ್ನ ಮನಸ್ಸಿಗಾಗಿ. ನಡುವೆ ಎದ್ದು ಚಹಾಕ್ಕೆ ಇಟ್ಟು ಬಂದಳು. ಕಡೆಯ ಹಾಡು ಬಂದಾಗ ಮಾತ್ರ ಕಣ್ಣು ಮುಚ್ಚಿದಳು.

"ಈ ಹಾಡು ನಂಗ ಬರ್ತದ," ಅಂದಳು.

ನಾನು ಸ್ಪೀಕರಿನ ದನಿ ಏರಿಸಿದೆ.

"ಯಾರು ಹಾಡ್ಯಾರ ಇದು?"

"ನೀನಽ ಹೇಳು, ಮೌಶಿ."

ಕಿವಿಯನ್ನು ಸ್ಪೀಕರಿಗೆ ಹತ್ತಿರ ತಂದಳು. "ಯಾರೋ ಭಾಳ ವಯಸ್ಸಿನಾಕಿ ಇದ್ದಂಗ ಅದ. ದಮ್ ಉಳದಿಲ್ಲ ಪಾಪ. ಬೀಗರ ಹಾಡು ಅಂದ್ರ ನಗಸಬೇಕು ಕೂಸ. ಇಕಿ ಅಳಾಕತ್ತಾಳಲ್ಲ."

ಅದು ನಿನ್ನ ದನಿ ಅನ್ನಬೇಕೆಂದು ಬಾಯಿ ತೆರೆದೆ. ಅನ್ನದೆ ಸ್ಪೀಕರಿನ ದನಿ ತಗ್ಗಿಸಿದೆ. ಹಾಗೆ ಅಳುವಂತೆ ಮಾಡಿದವಳು ನಾನೇ ಅಲ್ಲವೇ. ನನಗೆ ಅದು ಚೆಂದ ಅನ್ನಿಸಿತ್ತು.

ಮೌಶಿ ಎದ್ದು ತಟ್ಟೆಯ ಅಕ್ಕಿಯನ್ನು ಡಬ್ಬಿಗೆ ಸುರಿದಳು. ತೆಂಗಿನಕಾಯಿಯನ್ನು ಗೋಡೆಯ ಮಾಡಿನಲ್ಲಿಟ್ಟಳು. "ನಿನ್ನ ಮದಿವ್ಯಾಗ ನಾ ಹಾಡ್ತೀನಿ ತಡಿ. ಆಗ ತುಂಬಿಸ್ಕೊ ನಿನ್ನ ಆಲ್ಬಮ್‌ನಾಗ," ಅಂದಳು.

ಹೂಂ ಅಂದೆ. ಸ್ಪೀಕರಿನಲ್ಲಿ ಅವಳು ಇನ್ನೂ ಹಾಡುತ್ತಲೇ ಇದ್ದಳು.

"ಇನ್ನ ಅದನ್ನ ಬಂದ್ ಮಾಡು. ಚಹಾ ಆರ್ತದ."

ಬಂದ್ ಮಾಡಿದೆ.