ಕೊಬ್ಬರಿ ಮಂಡಿಯ ಕೂಸು

ಕೋತಿಗಳ ಹಿಂದೆ ಅಲೆಯುವುದೇ ನನ್ನ ಕೆಲಸ ಎಂದರೆ ಅಜ್ಜಂಪುರದಲ್ಲಿ ಮೊದಮೊದಲು ಯಾರೂ ನಂಬುತ್ತಿರಲಿಲ್ಲ. "ಓಡ್ಸೋಕಾ?" ಎಂದು ಕೇಳುತ್ತಿದ್ದರು. "ಇಲ್ಲ, ಸುಮ್ನೆ ನೋಡೋಕೆ" ಅಂದರೆ ನನ್ನ ಬಿಟ್ಟು ಅಮ್ಮನ ಮುಖವನ್ನು ಅಯ್ಯೋ ಪಾಪ ಅನ್ನೋ ಹಾಗೆ ನೋಡುತ್ತಿದ್ದರು. ಅಮ್ಮನೂ ಕಮ್ಮಿಯೇನಲ್ಲ. ಬೆಳಿಗ್ಗೆ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ನಾನು ಸ್ಕೂಟರ್ ತೆಗೆಯುವಾಗ, "ನಮ್ಮನೆ ಹೆಂಚಿನ ಮೇಲೇ ಬೇಕಾದಷ್ಟು ಕೂತಾವಲ್ಲೇ, ಪೆಟ್ರೋಲ್ ಯಾಕೆ ಸುಡ್ತೀಯ?" ಎನ್ನುತ್ತಿದ್ದಳು.

ನಾನು ನೋಡುತ್ತಿದ್ದದ್ದು ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹತ್ತುವ ರಸ್ತೆಯ ಒಂದು ತಿರುವಿನಲ್ಲಿದ್ದ ಗುಂಪನ್ನು. ಯಾರು ಯಾರ ಪಕ್ಕ ಕೂತರು, ಯಾರ ಮರಿಯನ್ನು ಯಾರು ಎತ್ತಿಕೊಂಡರು, ಜಗಳವಾದ ಮೇಲೆ ಯಾರು ಮೊದಲು ರಾಜಿಗೆ ಬಂದರು, ಇಷ್ಟೇ. ಜಗಲಿ ಮೇಲೆ ಕೂತು ಬೀದಿಯವರ ವಿಚಾರದಲ್ಲಿ ಇದೇ ಕೆಲಸ ಮಾಡಿದರೆ ಚಾಡಿ ಅಂತಾರೆ. ಕೋತಿಗಳ ವಿಚಾರದಲ್ಲಿ ಮಾಡಿದರೆ ಸಂಶೋಧನೆ.

ಒಂದು ದಿನ ಕಡೂರಿನಿಂದ ಫೋನ್ ಬಂತು. ಗಟ್ಟಿ ದನಿಯ ಹೆಂಗಸು.

"ಕೋತಿ ಮೇಡಂ ಅಂದ್ರೆ ನೀವೇನಾ? ನಮ್ ಕೂಸು ಮೈಮೇಲಿನ ಕೂದ್ಲು ಕಿತ್ಕೋತಾ ಐತೆ ಕಣಮ್ಮ. ಒಂಚೂರು ಬಂದು ನೋಡ್ತೀಯಾ?"

ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಅವರ ಕೊಬ್ಬರಿ ಮಂಡಿ. ಗಂಡ ತೀರಿಕೊಂಡ ಮೇಲೆ ತಾವೇ ನಡೆಸುತ್ತಿದ್ದರು. ಅರವತ್ತರ ಆಸುಪಾಸು, ಹಣೆ ತುಂಬ ವಿಭೂತಿ. ಲಾರಿಯವರನ್ನು ಗದರಿಸಿದ ಉಸಿರಿನಲ್ಲೇ ನನ್ನನ್ನು "ಬಾ ಮಗಳೇ" ಎಂದು ಹಿತ್ತಲಿಗೆ ಕರೆದುಕೊಂಡು ಹೋದರು.

ಬೇವಿನ ಮರಕ್ಕೆ ಕಟ್ಟಿದ ಹೆಣ್ಣು ಕೋತಿ. ಸೊಂಟಕ್ಕೆ ನೈಲಾನ್ ಹಗ್ಗ, ಮೈಮೇಲೆ ಹೂವಿನ ಚಿತ್ತಾರದ ಫ್ರಾಕು. ಹಗ್ಗ ಎಟುಕುವಷ್ಟು ದೂರ ಮರದ ಸುತ್ತ ನೆಲ ದುಂಡಗೆ ಸವೆದಿತ್ತು. ಮುಂಗೈಗಳಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಕೂತಿತ್ತು, ನಾನು ಬಂದದ್ದನ್ನೂ ಗಮನಿಸಲಿಲ್ಲ.

ಇದರ ತಾಯಿ ಕರೆಂಟ್ ತಂತಿಗೆ ಸಿಕ್ಕಿ ಸತ್ತಿತ್ತಂತೆ. ಹೊಟ್ಟೆಗೆ ಅಂಟಿಕೊಂಡಿದ್ದ ಮರಿಯನ್ನು ಬಿಡಿಸಿ ತಂದು, ತಮ್ಮ ಮಕ್ಕಳಿಗೆ ಹಾಲು ಕುಡಿಸಿದ್ದ ಒಳಲೆಯಲ್ಲೇ ಇದಕ್ಕೂ ಹಾಲು ಹಾಕಿ ಬದುಕಿಸಿದ್ದರು. ಈಗ ಬೆಳಿಗ್ಗೆ ಟೀ, ಸಂಜೆ ಟೀ, ಮಧ್ಯೆ ಚಪಾತಿ.

"ಚರ್ಮದ ಕಾಯ್ಲೆನಾ?" ಎಂದು ಕೇಳಿದರು.

"ಇಲ್ಲಮ್ಮ. ಒಂಟಿತನ. ಇದಕ್ಕೆ ಜೊತೆ ಬೇಕು."

"ಜೊತೆಗೆ ನಾನಿಲ್ವಾ?" ಅವರ ದನಿ ಏರಿತು. "ಹೆತ್ತೋರೂ ಹಿಂಗೆ ನೋಡ್ಕಳಲ್ಲ!"

ಅದು ನಿಜವೇ ಆಗಿತ್ತು. ವಾದ ಮಾಡಿ ಗೆಲ್ಲಬಹುದಾದ ಹೆಂಗಸಲ್ಲ ಇವರು ಅಂತಲೂ ಗೊತ್ತಾಯಿತು. ಅದಕ್ಕೇ, "ಅಮ್ಮಾ, ಒಂದಿನ ನನ್ ಜೊತೆ ಬನ್ನಿ, ನನ್ ಕೋತಿಗಳನ್ನ ತೋರಿಸ್ತೀನಿ" ಎಂದೆ.

ಬಂದೇ ಬಂದರು. ತರೀಕೆರೆವರೆಗೆ ಬಸ್ಸು, ಅಲ್ಲಿಂದ ನನ್ನ ಸ್ಕೂಟರ್. ಪ್ರತಿ ತಿರುವಿನಲ್ಲೂ ನನ್ನ ಭುಜ ಹಿಂಡುತ್ತಾ, "ನಿಧಾನ ಕಣೇ, ನಾನಿನ್ನೂ ಬದುಕ್ಬೇಕು" ಅನ್ನುತ್ತಿದ್ದರು. ಮೋರಿ ಕಟ್ಟೆಯ ಮೇಲೆ ಕೂರಿಸಿ ಬೈನಾಕ್ಯುಲರ್ ಕೊಟ್ಟೆ. ಎರಡು ನಿಮಿಷಕ್ಕೇ ವಾಪಸ್ ಕೊಟ್ಟರು. ಕೋತಿಗಳು ಎದುರಿಗೇ ಇದ್ದವು. ಒಂದು ಮುದಿ ಹೆಣ್ಣು ಕಲ್ಲಿನ ಮೇಲೆ ಕೈಕಾಲು ಚಾಚಿ ಮಲಗಿತ್ತು, ಇನ್ನೊಂದು ಅದರ ಬೆನ್ನಿನ ಕೂದಲು ಬಿಡಿಸಿ ಬಿಡಿಸಿ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮುದಿಯದು ಎದ್ದು ಕೂತಿತು, ಇನ್ನೊಂದು ತಿರುಗಿ ತನ್ನ ಬೆನ್ನು ಕೊಟ್ಟಿತು.

"ಇವಕ್ಕೇನು ಇಷ್ಟೊಂದು ಹೇನಾ?"

"ಹೇನಿಗೆ ಮಾತ್ರ ಅಲ್ಲಮ್ಮ. ನಾವು ಕೂತು ಮಾತಾಡ್ತೀವಲ್ಲ, ಹಂಗೆ."

ಅವರು ಕೋತಿಗಳ ಮೇಲಿನ ಕಣ್ಣು ತೆಗೆಯದೆ, "ಅದು ನನ್ ತಲೇಗೆ ಕೈ ಹಾಕೋಕೆ ಬಂದಾಗೆಲ್ಲ ಗದರ್ಸಿ ಕೂರಿಸ್ತಿದ್ದೆ. ತುಂಟಾಟ ಅನ್ಕಂಡಿದ್ದೆ" ಎಂದರು.

ನಾನು ಬೈನಾಕ್ಯುಲರ್ ಮತ್ತೆ ಕೊರಳಿಗೆ ಹಾಕಿಕೊಳ್ಳುವಷ್ಟರಲ್ಲಿ ಅವರೇ ಕೇಳಿದರು:

"ಅದಕ್ಕೆ ಜೊತೆ ಸಿಗ್ಬೇಕಂದ್ರೆ ಈಗ ಯಾರಿಗೆ ಹೇಳ್ಬೇಕು?"

ಕೋತಿ ಸಾಕುವುದು ಕಾನೂನಿಗೆ ವಿರುದ್ಧ. ಕೇಸು ಹಾಕ್ತಾರೇನೋ ಅಂತ ಅವರಿಗೆ ಅಳುಕಿತ್ತು. ನಾವಾಗೇ ಹೇಳೋಣ ಎಂದು ಅರಣ್ಯ ಇಲಾಖೆಯವರಿಗೆ ಇಬ್ಬರೂ ಸೇರಿ ತಿಳಿಸಿದೆವು. ಅವರು ಮರ್ಯಾದೆಯಿಂದಲೇ ಬಂದು, ಕಾಡಂಚಿನ ಒಂದು ಆರೈಕೆ ಕೇಂದ್ರಕ್ಕೆ ಸಾಗಿಸಿದರು. ಕಳಿಸುವ ಮುಂಚೆ ಮಂಡಿಯ ಅಮ್ಮ ತಾವೇ ಹಗ್ಗ ಬಿಚ್ಚಿದರು, ಫ್ರಾಕು ಕಳಚಿದರು. "ಚಳಿ ಆಗಲ್ವಾ?" ಅಂತ ಮಾತ್ರ ಮೂರು ಸಲ ಕೇಳಿದರು.

ಕೇಂದ್ರದಲ್ಲಿ ಕೋತಿ ಆಡಿಸುವವರಿಂದ ಬಿಡಿಸಿ ತಂದಿದ್ದ ಇನ್ನೊಂದು ಹೆಣ್ಣಿತ್ತು. ಎರಡಕ್ಕೂ ನಡುವೆ ಜಾಲರಿ ಹಾಕಿ ಅಕ್ಕಪಕ್ಕ ಬಿಟ್ಟರು. ಆ ಹೆಣ್ಣು ತುಟಿ ಪಟಪಟ ಬಡಿದು ಸ್ನೇಹಕ್ಕೆ ಕರೆದರೆ ನಮ್ಮದು ಹೆದರಿ ಮೂಲೆ ಸೇರಿತು.

"ಇದಕ್ಕೆ ಕೋತಿ ಭಾಷೆನೇ ಬರಲ್ಲ ನೋಡಿ" ಎಂದರು ಅಲ್ಲಿನ ಪಶುವೈದ್ಯೆ.

ಹಣ್ಣು ಮುಟ್ಟಲಿಲ್ಲ. ಟೀ ಹೊತ್ತಿಗೆ ಸರಿಯಾಗಿ ಬಾಗಿಲ ಕಡೆ ನೋಡಿ ಕೂಗುತ್ತಿತ್ತು. ಸಂಜೆಯಾದರೆ ಕಡೂರಿನಿಂದ ಫೋನ್: "ಉಣ್ತಾ?" ನನಗೇ ಧೈರ್ಯ ಸಾಲದೆ, "ಚೂರು ತಿಂತು" ಎನ್ನುತ್ತಿದ್ದೆ. ಪ್ರೀತಿ ಸಿಗುತ್ತಿದ್ದ ಜಾಗದಿಂದ ಎಬ್ಬಿಸಿ ತಂದೆನೇನೋ ಎಂದು ಒಳಗೊಳಗೇ ಕೊರೆಯುತ್ತಿತ್ತು.

ಹಾಗೇ ಒಂದು ಮಧ್ಯಾಹ್ನ, ನಾನು ಅಲ್ಲಿಗೆ ಹೋಗಿದ್ದಾಗಲೇ, ಆ ಇನ್ನೊಂದು ಕೋತಿ ಬಂದು ಜಾಲರಿಗೆ ಬೆನ್ನು ಕೊಟ್ಟು ಕೂತಿತು. ನಮ್ಮದು ದೂರದಿಂದ ನೋಡಿತು. ಹತ್ತಿರ ಬಂತು, ಹಿಂದೆ ಸರಿಯಿತು. ಮತ್ತೆ ಬಂದು ಜಾಲರಿಯ ಸಂದಿನಲ್ಲಿ ಬೆರಳು ತೂರಿಸಿ ಆ ಬೆನ್ನಿನ ಕೂದಲನ್ನು ಮೆಲ್ಲಗೆ ಬಿಡಿಸಿತು. ಹೊಸದಾಗಿ ಜಡೆ ಹಾಕಲು ಕಲಿಯುವವರ ಹಾಗೆ ತಡವರಿಸುತ್ತಿತ್ತು. ಆದರೆ ನಿಲ್ಲಿಸಲಿಲ್ಲ. ವೈದ್ಯೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

ಅಲ್ಲಿಂದಲೇ ಪಿಸುದನಿಯಲ್ಲಿ ಫೋನ್ ಮಾಡಿದೆ. "ಅಮ್ಮಾ, ಬೆನ್ನು ನೋಡ್ತಾ ಐತೆ."

"ಸುಮ್ನಿರ್ರೋ ಒಂಚೂರು!" ಎಂದು ಆ ಕಡೆ ಮಂಡಿಯ ಆಳುಗಳಿಗೆ ಗದರಿದ್ದು ಕೇಳಿಸಿತು. "ಯಾರ ಬೆನ್ನು?"

"ಅದರ ಗೆಳತಿದು."

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಬಂತು.

ನಡುವಿನ ಜಾಲರಿ ತೆಗೆದರು. ಕ್ರಮೇಣ ಇನ್ನೂ ಕೆಲವು ಕೋತಿಗಳ ಜೊತೆ ಎರಡನ್ನೂ ಮರಗಳಿರುವ ದೊಡ್ಡ ಆವರಣಕ್ಕೆ ಬಿಟ್ಟರು. ಮುಂಗೈಯಲ್ಲಿ ಸಣ್ಣಗೆ ಕೂದಲು ಚಿಗುರಿತು. ಕಾಡಿಗೆ ಬಿಡಲು ಮಾತ್ರ ಆಗುವುದಿಲ್ಲ ಎಂದರು ವೈದ್ಯೆ. ಮನುಷ್ಯರನ್ನು ಕಂಡರೆ ಹತ್ತಿರ ಬರುವ ಕೋತಿ ಹೊರಗೆ ಬಹಳ ದಿನ ಬಾಳುವುದಿಲ್ಲ. ಇದನ್ನು ಮಂಡಿಯ ಅಮ್ಮನಿಗೆ ಹೇಳುವಾಗ ನನಗೇ ಹೆಚ್ಚು ಬೇಜಾರಾಗಿತ್ತು.

ಆಮೇಲೆ ಒಂದು ಸಲ ನೋಡಲು ಬಂದರು. ಕೂಸು ಗುರುತು ಹಿಡಿದು ಓಡಿ ಬಂತು. ಜಾಲರಿ ಹಿಡಿದು ಅವರನ್ನೇ ನೋಡಿತು. ಅಷ್ಟರಲ್ಲಿ ಮರದ ಮೇಲಿಂದ ಗೆಳತಿ ಕೂಗಿತು. ಒಂದು ಸಲ ಹಿಂದೆ, ಒಂದು ಸಲ ಮುಂದೆ ನೋಡಿ, ಮರ ಹತ್ತಿ ಹೊರಟೇ ಹೋಯ್ತು.

ಮಂಡಿಯ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡು, ಅದಕ್ಕೂ ಕೆಲ್ಸ ಐತೆ" ಎಂದು ನಕ್ಕರು.

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಬಿಸಿಬಿಸಿ ಬೋಂಡ ತಿಂದೆವು. ಕಡೂರಿನ ಬಸ್ಸು ಬಂತು. ಅದು ತಿರುವು ದಾಟುವವರೆಗೂ, ಕಿಟಕಿ ಪಕ್ಕದ ಸೀಟಿಗಾಗಿ ಕಂಡಕ್ಟರ್ ಜೊತೆ ಅವರು ಆಡುತ್ತಿದ್ದ ಜಗಳ ನನಗೆ ಕೇಳಿಸುತ್ತಲೇ ಇತ್ತು.