ಗೋದಲಿ ಬಿಚ್ಚಿದ ಮೇಲೆ

ಡಿಸೆಂಬರ್ ಬಂತೆಂದರೆ ನಮ್ಮಪ್ಪ ಮನೆಯ ಬಾಗಿಲುಗಳನ್ನು ಕಳಚುತ್ತಿದ್ದರು. ಬೀದಿ ಬಾಗಿಲನ್ನಲ್ಲ, ಅಷ್ಟು ಬುದ್ಧಿ ಅವರಿಗಿತ್ತು. ಅಡುಗೆಮನೆಯದು ಒಂದು, ನಾನೂ ಅಕ್ಕನೂ ಮಲಗುವ ಕೋಣೆಯದು ಒಂದು. ಎರಡನ್ನೂ ಹಜಾರಕ್ಕೆ ಹೊತ್ತು ತಂದು, ಟ್ರಂಕುಗಳ ಮೇಲೆ ಅಡ್ಡಡ್ಡ ಮಲಗಿಸಿ, ಮೇಲೊಂದು ಹಳೇ ಕಂಬಳಿ ಹಾಸಿದರೆ ನಮ್ಮ ಗೋದಲಿಗೆ ನೆಲ ಸಿದ್ಧ. ಬಾಗಿಲಿದ್ದ ಕಡೆ ಅಮ್ಮ ಹಳೇ ಸೀರೆ ಇಳಿಬಿಟ್ಟು, ಹಬ್ಬ ಮುಗಿಯುವವರೆಗೂ ಗೊಣಗುತ್ತಿದ್ದಳು.

ಗೋದಲಿ ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆ. ಕ್ರಿಸ್‌ಮಸ್ಸಿಗೆ ನಮ್ಮ ಜನ ಅದನ್ನು ಬೊಂಬೆಗಳನ್ನಿಟ್ಟು ಮನೆಯಲ್ಲೇ ಕಟ್ಟುತ್ತಾರೆ. ಬೇರೆಯವರ ಮನೆಯಲ್ಲಾದರೆ ಮೇಜಿನ ಒಂದು ಮೂಲೆ ಸಾಕು: ಹುಲ್ಲಿನ ಮಾಡು, ಮರಿಯಮ್ಮ, ಅವಳ ಗಂಡ ಸೂಸೆಯಪ್ಪ, ಒಂದು ಹಸು, ಒಂದು ಕತ್ತೆ, ನಾಲ್ಕು ಕುರಿ. ನಮ್ಮ ಮನೆಯ ಗೋದಲಿಗೆ ಇವೆಲ್ಲದರ ಜೊತೆಗೆ ರೈಲು ಬರುತ್ತಿತ್ತು.

ಅಪ್ಪ ಗೂಡ್ಸ್ ಗಾಡಿಯ ಗಾರ್ಡ್. ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕೂತು, ಹಿಂದಕ್ಕೆ ಸರಿಯುವ ಹಳಿ ನೋಡುತ್ತಲೇ ಅರ್ಧ ಆಯುಸ್ಸು ಕಳೆದವರು. ಜಯನಗರದಲ್ಲಿ ಸೈಟು ತಗೊಂಡು ಮನೆ ಕಟ್ಟಿಸಿದಾಗ ಸುತ್ತಮುತ್ತ ಇನ್ನೂ ರಾಗಿ ಹೊಲ, ಸೀಬೆ ತೋಟ. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳಗ್ಗೆ ರಾತ್ರಿ ರೈಲಿನ ಸದ್ದು ಕೇಳಿ ರೂಢಿಯಾಗಿದ್ದ ಅವರು, ಇಲ್ಲಿಗೆ ಬಂದ ಹೊಸದರಲ್ಲಿ ನಿದ್ದೆಯೇ ಬರೋದಿಲ್ಲ ಎಂದು ದೂರುತ್ತಿದ್ದರು. ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟ ಇಂಜಿನ್ ಡ್ರೈವರೊಬ್ಬರು ತಮ್ಮ ಮಕ್ಕಳು ಆಡಿ ಬಿಟ್ಟಿದ್ದ ತಗಡಿನ ರೈಲನ್ನು ಅಪ್ಪನಿಗೆ ಕೊಟ್ಟು ಹೋಗಿದ್ದರು. ಕೀ ಕೊಟ್ಟರೆ ಓಡುವ ಇಂಜಿನ್ನು, ಹಿಂದೆ ಮೂರು ಡಬ್ಬಿ, ಒಂದು ಪೆಟ್ಟಿಗೆ ತುಂಬ ತಗಡಿನ ಹಳಿ. ಒಂದು ಹಳಿಯ ತುದಿಯ ಸಣ್ಣ ಪಿನ್ನನ್ನು ಇನ್ನೊಂದರ ತೂತಿಗೆ ತೂರಿಸಿ ಜೋಡಿಸಬೇಕು. ಪಿನ್ನು ಸ್ವಲ್ಪ ಸೊಟ್ಟಗಾದರೂ ರೈಲು ಮಗುಚಿಕೊಳ್ಳುತ್ತಿತ್ತು.

ಬಾಲಯೇಸು ನಮ್ಮ ಮನೆಗೆ ಈ ರೈಲಿನಲ್ಲೇ ಬರುತ್ತಿದ್ದ. ಅವನ ಬೊಂಬೆಯನ್ನು ಮುಂಚೆಯೇ ಕೊಟ್ಟಿಗೆಯಲ್ಲಿ ಇಡುವಂತಿಲ್ಲ. ಕ್ರಿಸ್‌ಮಸ್ ಬೆಳಗ್ಗೆ ಚರ್ಚಿನಿಂದ ಬಂದು, ಕಾಫಿ ಕುಡಿದು, ಕೊನೆಯ ಡಬ್ಬಿಯಲ್ಲಿ ಹತ್ತಿ ಹಾಸಿ ಬಾಲಯೇಸುವನ್ನು ಮಲಗಿಸಬೇಕು. ಕೊನೆಯ ಡಬ್ಬಿ ಯಾಕೆ ಅಂತ ಯಾರೂ ಕೇಳುವಂತಿರಲಿಲ್ಲ, ಅದು ಗಾರ್ಡಿನ ಡಬ್ಬಿ. ನಾನು ಕೀ ಕೊಡುವುದು, ಅಪ್ಪ ಸೀಟಿ ಊದುವುದು, ರೈಲು ಗುಡ್ಡ ಸುತ್ತಿ ಕೊಟ್ಟಿಗೆಯ ಮುಂದೆ ಬಂದು ನಿಲ್ಲುವುದು. ಬೆತ್ಲೆಹೇಮಿನಲ್ಲಿ ರೈಲು ಎಲ್ಲಿತ್ತು ಎಂದು ನೆಂಟರು ನಕ್ಕರೆ ಅಪ್ಪನದು ಒಂದೇ ಉತ್ತರ.

“ಇದ್ದಿದ್ರೆ ತುಂಬು ಬಸುರಿ ಪಾಪ ಕತ್ತೆ ಮೇಲೆ ಹೋಗ್ಬೇಕಾಗಿತ್ತಾ?”

ಕೆಲಸ ಹಂಚಿಕೆಯಾಗಿತ್ತು. ಇಟ್ಟಮಡುವಿನ ಕಡೆಯಿಂದ ಸೈಕಲ್ಲಿನಲ್ಲಿ ಕೆಮ್ಮಣ್ಣು ತಂದು ಗುಡ್ಡ ಮಾಡುವುದು ಅಪ್ಪ. ತಟ್ಟೆಗಳಲ್ಲಿ ರಾಗಿ ಚೆಲ್ಲಿ, ನೀರು ಚಿಮುಕಿಸಿ, ಹಬ್ಬದ ಹೊತ್ತಿಗೆ ಹಸಿರು ಪೈರು ಬರಿಸುವುದು ಅಮ್ಮ. ಹಳಿ ಜೋಡಿಸುವುದು ಅಕ್ಕ. ಅದರಲ್ಲಿ ಅವಳನ್ನು ಬಿಟ್ಟರಿಲ್ಲ. ಅಪ್ಪನ ದಪ್ಪ ಬೆರಳಿಗೆ ಆ ಪಿನ್ನುಗಳು ಸಿಗುತ್ತಿರಲಿಲ್ಲ, ನನಗೆ ತಾಳ್ಮೆ ಇರಲಿಲ್ಲ. ಪಕ್ಕದ ಮನೆಯಲ್ಲಿ ತುಮಕೂರು ಕಡೆಯಿಂದ ಬಂದು ಜವಳಿ ಅಂಗಡಿ ಇಟ್ಟಿದ್ದ ಲಿಂಗಾಯತ ಕುಟುಂಬ. ಆ ಮನೆಯ ಯಜಮಾನಿಯನ್ನು ನಾವು ದೊಡ್ಡಮ್ಮ ಅನ್ನುತ್ತಿದ್ದೆವು. ಅವರು ತಮ್ಮ ದಸರಾ ಬೊಂಬೆಗಳಲ್ಲಿ ಶೆಟ್ಟಿಯನ್ನೂ ಶೆಟ್ಟಿಯ ಹೆಂಡತಿಯನ್ನೂ ಎರವಲು ಕೊಡುತ್ತಿದ್ದರು. ನಮ್ಮ ಗೋದಲಿಯ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಆ ದಂಪತಿ ಅಕ್ಕಿ ಬೇಳೆ ಅಂಗಡಿ ಸಮೇತ ಕೂತು ವರ್ಷವರ್ಷವೂ ಬಾಲಯೇಸುವಿಗೆ ಕಾಯುತ್ತಿದ್ದರು.

ನಾನು ಹೇಳಹೊರಟಿರುವ ವರ್ಷ ಅರವತ್ತರ ದಶಕದ ಮೊದಮೊದಲಿನದು. ನಾನಾಗ ಮಿಡ್ಲ್‌ಸ್ಕೂಲಿನಲ್ಲಿದ್ದೆ, ಅಕ್ಕ ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಬಾಗಿಲು ಕಳಚಿದ ದಿನವೇ, ಊಟಕ್ಕೆ ಕೂತಾಗ, ತಟ್ಟೆ ನೋಡಿಕೊಂಡು ಹೇಳಿದಳು.

“ಅಪ್ಪ, ನಾನು ಸಿಸ್ಟರ್ ಆಗ್ತೀನಿ. ಮೈಸೂರಿನ ಮಠದಲ್ಲಿ ಸೇರಿಸ್ಕೊಳ್ತೀವಿ ಅಂದಿದಾರೆ.”

ಆಗೆಲ್ಲ ಕನ್ಯಾಮಠ ಸೇರುವುದೆಂದರೆ ಮನೆಗೆ ಹೊರಗಾದಂತೆ. ತಿಂಗಳಿಗೊಮ್ಮೆ ನಾವೇ ಹೋಗಿ, ಅಲ್ಲಿನ ಬೆಂಚಿನ ಮೇಲೆ ಕೂತು, ಮಾತಾಡಿಸಿಕೊಂಡು ಬರಬಹುದು. ಅವಳು ಇನ್ನು ನಮ್ಮ ಮನೆಯಲ್ಲಿ ಊಟ ಮಾಡಿ ಮಲಗುವುದಿಲ್ಲ. ಅಮ್ಮನ ಕಣ್ಣು ತುಂಬಿತು, ಆದರೂ ದೇವರು ಕರೆದರೆ ನಾವು ಯಾರು ಬೇಡ ಅನ್ನೋಕೆ ಅಂದಳು. ಅಪ್ಪ ಸಾರನ್ನ ಕಲೆಸುತ್ತಲೇ ಇದ್ದರು. ತಲೆಯೆತ್ತದೆಯೇ ಹೇಳಿದರು.

“ಹೋಗುವೆಯಂತೆ. ಗೋದಲಿ ಬಿಚ್ಚಿದ ಮೇಲೆ ಹೋಗು.”

“ಆಗ್ಲಿ ಅಪ್ಪ, ಗೋದಲಿ ಬಿಚ್ಚಿದ ಮೇಲೇ ಹೋಗ್ತೀನಿ,” ಎಂದಳು ಅಕ್ಕ. ನಮ್ಮ ಮನೆಯಲ್ಲಿ ಮಾತು ಅಂದರೆ ಮಾತು.

ಗೋದಲಿ ಬಿಚ್ಚುವುದು ಜನವರಿಯ ಮೊದಲ ವಾರದಲ್ಲಿ ಬರುವ ಮೂರು ರಾಯರ ಹಬ್ಬಕ್ಕೆ. ಹಬ್ಬ ಬಂತು. ಬಾಲಯೇಸುವಿಗೆ ಕಾಣಿಕೆ ತಂದ ಜ್ಞಾನಿಗಳಾದ ಮೂವರು ರಾಯರನ್ನು ಒಂಟೆ ಸಮೇತ ಕೊಟ್ಟಿಗೆಯ ಮುಂದೆ ನಿಲ್ಲಿಸಿದ್ದೂ ಆಯಿತು. ಮಾರನೆಯ ದಿನ ಅಪ್ಪ ಡ್ಯೂಟಿಯಿಂದ ಬಂದವರು ಗೋದಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗುಡ್ಡಕ್ಕೆ ಸುರಂಗವೇ ಇಲ್ಲವಲ್ಲ ಎಂದರು. ಇಷ್ಟು ವರ್ಷ ಇಲ್ಲದ ಸುರಂಗ ಅದು. ಕೆಮ್ಮಣ್ಣು, ಗೋಣಿ ತಾಟು, ಮೈದಾ ಗೋಂದು ಎಲ್ಲ ಮತ್ತೆ ಬಂತು. ಸುರಂಗ ಒಣಗುವಷ್ಟರಲ್ಲಿ ಸಂಕ್ರಾಂತಿ ಕಳೆಯಿತು. ಆಮೇಲೆ ಸುರಂಗದಾಚೆ ಒಂದು ಹೊಳೆ ಬೇಕೆನಿಸಿತು. ಹೊಳೆ ಅಂದ ಮೇಲೆ ಸೇತುವೆ ಬೇಡವೇ?

ನಾನು ಬಾಯಿ ಸುಮ್ಮನಿಟ್ಟುಕೊಳ್ಳುವ ಹುಡುಗಿಯಲ್ಲ. “ಅಪ್ಪ, ಹಿಂಗೇ ಹೋದ್ರೆ ಈ ರೈಲು ಯುಗಾದಿಗೆ ಮೈಸೂರು ತಲುಪುತ್ತೆ,” ಎಂದೆ. ಮೈಸೂರು ಎಂಬ ಊರಿನ ಹೆಸರೇ ಎತ್ತಬಾರದಿತ್ತು. ಅಪ್ಪ ಎದ್ದು ಹೊರಗೆ ಹೋದರು. ಅಕ್ಕ ಮಾತ್ರ ನಕ್ಕಳು. ಅವಳು ಯಾವಾಗಲೂ ನಗುತ್ತಲೇ ಇದ್ದಳು. ಬಿಳಿ ಸೀರೆಗಳಿಗೆ ಅಂಚು ಹೊಲಿದುಕೊಂಡಳು, ತನ್ನ ರಿಬ್ಬನ್ನು ಬಳೆ ಎಲ್ಲ ನನಗೆ ಕೊಟ್ಟಳು, ಪಾತ್ರೆ ತೊಳೆಯುವಾಗ ಹಾಡು ಗುನುಗಿದಳು. ಅಪ್ಪನಿಗೆ ಚುಚ್ಚಿದ್ದೇ ಆ ನಗು. ಒಂದು ಸಂಜೆ ಅಮ್ಮನ ಹತ್ತಿರ ಹೇಳುತ್ತಿದ್ದುದು ಸೀರೆಯ ಪರದೆಯಾಚೆ ನನಗೂ ಕೇಳಿಸಿತು.

“ಹೋಗ್ಲಿ ಬಿಡು, ಬೇಡ ಅನ್ನಲ್ಲ. ಆದ್ರೆ ಒಂದು ಚೂರಾದ್ರೂ ಸಂಕಟ ಆಗ್ಬೇಡ್ವಾ ಅವಳಿಗೆ? ಲಾಡ್ಜ್ ಖಾಲಿ ಮಾಡೋರ ಥರ ಇದಾಳಲ್ಲ.”

ಜನವರಿ ಮುಗಿದು ಫೆಬ್ರವರಿ ಬಂತು. ಬೀದಿಯಲ್ಲಿ ನಮ್ಮ ಮನೆ ತಮಾಷೆಯ ವಸ್ತುವಾಯಿತು. ಅಡುಗೆಮನೆಗೆ ಬಾಗಿಲಿಲ್ಲದ್ದು ಬೀದಿಯ ಬೆಕ್ಕಿಗೆ ಗೊತ್ತಾಗಿ, ಹಾಲಿನ ಪಾತ್ರೆಯ ಮೇಲೆ ರುಬ್ಬುಗುಂಡು ಇಡಬೇಕಾಯಿತು. ಬಾಗಿಲು ಯಾವಾಗ ಹಾಕ್ತೀರಿ ಎಂದು ಅಮ್ಮ ದಿನಾ ಒಂದು ಸಲ ಜಗಳ ತೆಗೆಯುತ್ತಿದ್ದಳು. ದೊಡ್ಡಮ್ಮ ತಮ್ಮ ಶೆಟ್ಟಿ ದಂಪತಿಯನ್ನು ಕರೆದೊಯ್ಯಲು ಬಂದವರು, ಸೇತುವೆಯ ಮೇಲೆ ರೈಲು ಹೋಗುವುದನ್ನು ನೋಡಿ, ಅಪ್ಪನ ಮುಖವನ್ನೂ ನೋಡಿ, “ಇರ್ಲಿ ಬಿಡಿ, ನಮಗೆ ದಸರಾಕ್ಕೆ ತಾನೇ ಬೇಕಾಗೋದು,” ಎಂದು ಬರಿಗೈಯಲ್ಲಿ ಹೋದರು.

ಇಷ್ಟರ ಮೇಲೆ ರೈಲು ದಿನಾ ಹಳಿ ತಪ್ಪಲು ಶುರುವಾಯಿತು. ಇವತ್ತು ಸುರಂಗದ ಬಾಯಲ್ಲಿ, ನಾಳೆ ಸೇತುವೆಯ ಈಚೆ. ಅಪ್ಪ ಡ್ಯೂಟಿ ಮುಗಿಸಿ ಬಂದು ಬಟ್ಟೆಯನ್ನೂ ಬದಲಾಯಿಸದೆ ಚಾಪೆಯ ಮೇಲೆ ಕೂರುತ್ತಿದ್ದರು. ಅಕ್ಕ ಎದುರಿಗೆ ಕೂತು ಹಳಿ ಬಿಚ್ಚಿ ಕೊಡುತ್ತಿದ್ದಳು. ಇಬ್ಬರೂ ಪಿನ್ನಿನ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ರಿಪೇರಿ ಆಗದ ಗೋದಲಿಯನ್ನು ಬಿಚ್ಚುವುದು ಹೇಗೆ, ಮುಂದಿನ ವರ್ಷಕ್ಕೆ ಕೆಟ್ಟ ಹಳಿ ಎತ್ತಿಡುವುದೇ ಎನ್ನುವುದು ಅಪ್ಪನ ವಾದ. ವಾದಕ್ಕೆ ಎದುರಾಡುವವರು ಯಾರೂ ಇರಲಿಲ್ಲ.

ಕೊನೆಗೆ ಚರ್ಚಿನ ಸ್ವಾಮಿಗಳೇ ಮನೆಗೆ ಬಂದರು. ಮಠದ ಮದರ್ ಹೇಳಿ ಕಳಿಸಿದ್ದರಂತೆ. ಸ್ವಾಮಿಗಳು ಕಾಫಿ ಕುಡಿಯುತ್ತಾ ಗೋದಲಿಯನ್ನು ನೋಡಿದರು, ತಾವೇ ಒಂದು ಸಲ ಕೀ ಕೊಟ್ಟು ರೈಲು ಓಡಿಸಿದರು, ಆಮೇಲೆ ಮೆಲ್ಲಗೆ ಹೇಳಿದರು. “ಬರೋ ವಿಭೂತಿ ಬುಧವಾರಕ್ಕೆ ತಪಸ್ಸುಕಾಲ ಶುರು. ಅಷ್ಟರೊಳಗೆ ಬಂದು ಸೇರ್ಬೇಕು. ಇಲ್ಲಾಂದ್ರೆ ಈ ಸಲದವರ ಜೊತೆ ಅವಳಿಗೆ ಜಾಗ ಇರಲ್ಲ, ಇನ್ನೊಂದು ವರ್ಷ ಕಾಯ್ಬೇಕು.” ಅಪ್ಪ ಕೈ ಮುಗಿದರೇ ಹೊರತು ಹೂಂ ಅನ್ನಲಿಲ್ಲ. ಅಕ್ಕನ ಮುಖದಲ್ಲಿ ಆವತ್ತು ನಗು ಇರಲಿಲ್ಲ. ಇನ್ನೊಂದು ವರ್ಷ ಅಂದರೆ ಅಪ್ಪ ಮುಂದಿನ ಗೋದಲಿಯನ್ನೂ ಬಿಚ್ಚುವುದಿಲ್ಲ ಎಂದು ಅವಳಿಗೂ ಹೊಳೆದಿರಬೇಕು.

ಆ ಶನಿವಾರ ಅರ್ಧ ದಿನ ಸ್ಕೂಲು. ಮಧ್ಯಾಹ್ನ ಮನೆಗೆ ಬಂದರೆ ಹಜಾರದಲ್ಲಿ ಅಕ್ಕ ಒಬ್ಬಳೇ ಗೋದಲಿಯ ಮುಂದೆ ಮಂಡಿಯೂರಿದ್ದಳು. ಜಪ ಮಾಡುತ್ತಿದ್ದಾಳೆ ಅಂದುಕೊಂಡೆ. ಕೈಯಲ್ಲಿ ಜಪಸರ ಇರಲಿಲ್ಲ, ಅಪ್ಪನ ಇಕ್ಕಳ ಇತ್ತು. ಸೇತುವೆಯ ಹತ್ತಿರದ ಹಳಿಯ ಪಿನ್ನನ್ನು ಹಿಡಿದು ನಿಧಾನವಾಗಿ ಬಗ್ಗಿಸಿ, ಹಳಿಯನ್ನು ಮೊದಲಿನಂತೆ ಕೂರಿಸಿ, ಮೇಲೆ ಒಂದಿಷ್ಟು ರಾಗಿ ಪೈರು ಸರಿಸಿದಳು. ನಾನು ಅಲ್ಲಿಂದಲೇ ಹಿತ್ತಲಿಗೆ ಓಡಿದೆ. ಅಮ್ಮ ಹೊಸ ತಟ್ಟೆಯಲ್ಲಿ ರಾಗಿ ಚೆಲ್ಲುತ್ತಿದ್ದಳು.

“ಅಮ್ಮ, ಅಕ್ಕನೇ ಕಣಮ್ಮ ದಿನಾ ಹಳಿ ಕೆಡಿಸ್ತಿರೋದು.”

“ಗೊತ್ತು. ಮೆಲ್ಲಗೆ ಮಾತಾಡು,” ಎಂದಳು ಅಮ್ಮ.

ಆಗ ನನ್ನ ಕಣ್ಣು ಆ ತಟ್ಟೆಯ ಮೇಲೆ ಬಿತ್ತು. ಕ್ರಿಸ್‌ಮಸ್ಸಿಗೆ ಹಾಕಿದ ಪೈರು ಜನವರಿಯಲ್ಲೇ ಹಳದಿಯಾಗಿ ಬಿದ್ದುಹೋಗಬೇಕಿತ್ತು. ಗೋದಲಿ ಇನ್ನೂ ಹಸಿರಾಗಿರುವುದು ಹೇಗೆ ಎಂದು ನಾವ್ಯಾರೂ ಯೋಚಿಸಿಯೇ ಇರಲಿಲ್ಲ. ಬಾಗಿಲಿಗಾಗಿ ದಿನಾ ಜಗಳವಾಡುವ ಅಮ್ಮ, ಕದ್ದುಮುಚ್ಚಿ ತಟ್ಟೆ ಬದಲಾಯಿಸುತ್ತಾ ಬಂದಿದ್ದಳು. ನನಗೆ ಸಿಟ್ಟೇ ಬಂತು. ಮೂವರು ದೊಡ್ಡವರು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳದೆ ಒಂದೇ ಕೆಲಸ ಮಾಡುತ್ತಿದ್ದರು, ನನ್ನನ್ನು ಮಾತ್ರ ಯಾರೂ ಸೇರಿಸಿಕೊಂಡಿರಲಿಲ್ಲ.

ಸಂಜೆ ಅಪ್ಪ ಬಂದರು. ಎಂದಿನಂತೆ ರೈಲು ಸೇತುವೆಯ ಹತ್ತಿರ ಮಗುಚಿತು. ಅಪ್ಪ ಆ ಹಳಿಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ತಾನಾಗಿ ಬಗ್ಗಿದ ಪಿನ್ನಿಗೂ ಬಗ್ಗಿಸಿದ ಪಿನ್ನಿಗೂ ವ್ಯತ್ಯಾಸವಿದೆ. ಇಕ್ಕಳದ ಹಲ್ಲು ತಗಡಿನ ಮೇಲೆ ಸ್ಪಷ್ಟವಾಗಿ ಮೂಡಿತ್ತು. ಅವಸರದಲ್ಲಿ ಅಕ್ಕ ಆವತ್ತು ಜೋರಾಗಿ ಒತ್ತಿದ್ದಳೋ ಏನೋ. ಅಪ್ಪ ಒಮ್ಮೆ ನನ್ನನ್ನು ನೋಡಿದರು. ಮನೆಯಲ್ಲಿ ಏನೇ ಕೆಟ್ಟರೂ ಮೊದಲ ಅನುಮಾನ ನನ್ನ ಮೇಲೆಯೇ. ನಾನು ಅಲ್ಲ ಎಂದು ತಲೆಯಾಡಿಸಿದೆ.

“ನಾನೇ ಅಪ್ಪ,” ಎಂದಳು ಅಕ್ಕ.

“ಇದೊಂದೇನಾ?”

“ಇಲ್ಲ. ಎಲ್ಲಾನೂ.”

“ಯಾಕೆ ಮಗಾ?”

ಅಕ್ಕ ಕೈಯಲ್ಲಿದ್ದ ಹಳಿಯನ್ನು ಕೆಳಗಿಟ್ಟಳು. ಆಮೇಲೆ ಚಿಕ್ಕ ಹುಡುಗಿಯ ದನಿಯಲ್ಲಿ ಹೇಳಿದಳು.

“ನೀವು ರಿಪೇರಿ ಮಾಡ್ತಾ ಇದ್ರೆ ನಾನು ನಿಮ್ಮ ಎದುರಿಗೆ ಕೂತಿರಬಹುದಲ್ಲಪ್ಪ. ಅದಕ್ಕೇ. ಹೋಗ್ಬೇಕು ಅಂತಾನೂ ಆಸೆ, ಬಿಟ್ಟು ಹೋಗೋಕೂ ಆಗ್ತಿಲ್ಲ.”

ಹೇಳಿದ್ದೇ ತಡ, ಅಷ್ಟು ದಿನದ್ದನ್ನೆಲ್ಲ ಸೇರಿಸಿ ಅತ್ತಳು. ಅಮ್ಮ ಅಡುಗೆಮನೆಯಿಂದ ಬಂದು ಸೀರೆಯ ಪರದೆ ಹಿಡಿದು ನಿಂತಳು. ಅಪ್ಪ ಅಕ್ಕನ ತಲೆಯ ಮೇಲೆ ಕೈಯಿಟ್ಟರು. ಅವರ ಮುಖ ಸಡಿಲವಾಗಿತ್ತು. ಡಿಸೆಂಬರಿನಿಂದ ಬಿಗಿದುಕೊಂಡೇ ಇದ್ದ ಮುಖ ಅದು. ಮಗಳು ನಮ್ಮನ್ನು ಸುಲಭವಾಗಿ ಬಿಟ್ಟು ಹೋಗುತ್ತಿಲ್ಲ ಎನ್ನುವುದಷ್ಟೇ ಅವರಿಗೆ ಬೇಕಾಗಿದ್ದದ್ದು, ಅದು ಸಿಕ್ಕಿತ್ತು.

“ಸರಿ, ಏಳು. ಬಿಚ್ಚೋಣ,” ಎಂದರು.

ಆವತ್ತೇ ಬಿಚ್ಚಿದೆವು. ಅಪ್ಪ ಹಳಿ ತೆಗೆದುಕೊಟ್ಟಂತೆಲ್ಲ ಅಕ್ಕ ಪಿನ್ನು ನೆಟ್ಟಗೆ ಮಾಡಿ, ಹಳೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಒಂದು ಪಿನ್ನನ್ನೂ ಸೊಟ್ಟಗೆ ಉಳಿಸಲಿಲ್ಲ. ನಾನು ಶೆಟ್ಟಿ ದಂಪತಿಯನ್ನು ದೊಡ್ಡಮ್ಮನ ಮನೆಗೆ ತಲುಪಿಸಿ ಬಂದೆ. ಸೋಮವಾರ ಅಪ್ಪ ರಜಾ ಹಾಕಿ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ಯಾಸೆಂಜರ್ ಗಾಡಿಯಲ್ಲಿ ಎಲ್ಲರ ಹಾಗೆ ಟಿಕೆಟ್ ತಗೊಂಡು ಮೈಸೂರಿಗೆ ಹೋಗಿ ಬಿಟ್ಟು ಬಂದರು.

ಮುಂದಿನ ಡಿಸೆಂಬರಿನಲ್ಲಿ ಅಪ್ಪ ಮತ್ತೆ ಗೋದಲಿ ಕಟ್ಟಿದರು. ಹಳಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಕೈಗೆ ಅದು ಹೇಗೆ ಒಲಿಯಿತೋ ಗೊತ್ತಿಲ್ಲ, ಅಕ್ಕ ಎತ್ತಿಟ್ಟು ಹೋಗಿದ್ದ ಹಳಿಗಳು ಒಂದಕ್ಕೊಂದು ಹೂವಿನ ಹಾಗೆ ಕೂತವು. ಕ್ರಿಸ್‌ಮಸ್ ಬೆಳಗ್ಗೆ ಬಾಲಯೇಸು ಬಂದ. ಮಾರನೆಯ ದಿನವೂ ರೈಲು ಓಡಿತು, ಅದರ ಮಾರನೆಯ ದಿನವೂ ಓಡಿತು. ಸುರಂಗದಲ್ಲಾಗಲಿ ಸೇತುವೆಯಲ್ಲಾಗಲಿ ಒಂದು ಸಲವೂ ಮಗುಚಲಿಲ್ಲ. ಅಪ್ಪ ಚಾಪೆಯ ಮೇಲೆ ಕೂತು ಬಹಳ ಹೊತ್ತು ನೋಡುತ್ತಿದ್ದರು.

“ಚೆನ್ನಾಗಿ ಓಡ್ತಿದೆ ಅಲ್ವಾಪ್ಪ?” ಎಂದು ನಾನು ಹೆಮ್ಮೆಯಿಂದ ಕೇಳಿದೆ.

“ಹೂಂ. ಎಲ್ಲೂ ಕೆಡ್ತಾನೇ ಇಲ್ಲ,” ಎಂದು ಎದ್ದು, ಮುಖ ತೊಳೆಯಲು ಹಿತ್ತಲಿಗೆ ಹೋದರು.