ದೊಡ್ಡಪ್ಪನ ಏಳೂವರೆ

ದೊಡ್ಡಪ್ಪನ ಕಿವಿಗಳು ಅಗಲವಾಗಿದ್ದವು, ಹಾಲೆಗಳು ಜೋತುಬಿದ್ದಿದ್ದವು. ಆ ಎರಡು ಕಿವಿಗಳಿಗೂ ಹತ್ತಿಯುಂಡೆ ತುರುಕಿಕೊಂಡು, ಕಂಕುಳಲ್ಲಿ ಕರಿ ಛತ್ರಿ, ಕೈಯಲ್ಲಿ ಹಚ್ಚಿದ ಅವಲಕ್ಕಿಯ ಸ್ಟೀಲ್ ಡಬ್ಬಿ ಹಿಡಿದು ಅವನು ಸಾವಿರಾರು ಹುಡುಗ ಹುಡುಗಿಯರ ನಡುವೆ, ಆಳೆತ್ತರದ ಸ್ಪೀಕರುಗಳ ಎದುರು ನಿಂತಿರುತ್ತಿದ್ದ. ಪಕ್ಕದಲ್ಲಿ ನಾನು, ಅವನು ಯಾರೋ ನಾನು ಯಾರೋ ಎಂಬಂತೆ ಬೇರೆ ಕಡೆ ನೋಡುತ್ತ. ಸಂಗೀತ ಕೇಳಲು ಬಂದವನು ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಯಾಕೆ ಎಂದು ಕೇಳಿದರೆ, "ಬ್ಯಾಡಾದದ್ದು ಹೊರಗ ನಿಲ್ತೈತಿ, ಬೇಕಾದದ್ದು ಹೆಂಗರ ಒಳಗ ಬರ್ತೈತಿ" ಎನ್ನುತ್ತಿದ್ದ. ಇಂಥ ಉತ್ತರಕ್ಕೆ ಏನು ಹೇಳುತ್ತೀರಿ?

ಅವನು ಅಪ್ಪನ ಅಣ್ಣ. ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆದುಕೊಳ್ಳುತ್ತ, ತಡಮಾಡಿದ ಡ್ರೈವರುಗಳಿಗೆ ಸೀಟಿ ಊದುತ್ತ ಆಯುಷ್ಯ ಕಳೆದಿದ್ದ. ದೊಡ್ಡಮ್ಮ ತೀರಿಕೊಂಡ ಮೇಲೆ ತೆಲುಗು ಸೀಮೆಗೆ, ತಾರ್ನಾಕದ ನಮ್ಮ ಮೂರನೇ ಅಂತಸ್ತಿನ ಮನೆಗೆ ಬಂದು ಸೇರಿದ. ಸೀಟಿಯೊಂದನ್ನು ಬಿಟ್ಟು ಉಳಿದೆಲ್ಲ ಅಭ್ಯಾಸಗಳನ್ನೂ ತಂದಿದ್ದ. ಹಾಲು ಕಾಯುವುದಕ್ಕೂ ಅವನ ಹತ್ತಿರ ಒಂದು ನಿಗದಿತ ವೇಳೆ ಇರುತ್ತಿತ್ತು.

ನಾನು ಆಗ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ಊರಾಚೆಯ ಮೈದಾನದಲ್ಲಿ ಒಂದು ಸಂಗೀತೋತ್ಸವ, ಗೆಳತಿಯರೆಲ್ಲ ಹೊರಟಿದ್ದರು. ನಾನೂ ಹೋಗುತ್ತೇನೆ ಎಂದೆ. ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ, "ಆ ಗದ್ದಲದಾಗ ನಿಂದೇನು ಕೆಲಸ?" ಎಂದ. ನಾನು ಅತ್ತು ಕರೆದೆ, ಉಪವಾಸ ಕೂತೆ, ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ದೊಡ್ಡಪ್ಪ ಪೇಪರು ಮಡಚಿಟ್ಟು ಹೇಳಿದ: "ನಾ ಹೋಗ್ತೀನಿ ಆಕಿ ಜೋಡಿ. ಒಂಬತ್ತಕ್ಕ ಮನ್ಯಾಗ ತಂದು ಬಿಡ್ತೀನಿ. ಒಂಬತ್ತಂದ್ರ ಒಂಬತ್ತು." ಅಣ್ಣನ ಮಾತಿಗೆ ಅಪ್ಪ ಎದುರಾಡುವವನಲ್ಲ, ಹೂಂ ಎಂದ. ನಾನು ಕುಣಿದಾಡಿದೆ. ಆ ಒಂಬತ್ತರ ಒಳಗೆ ಏನೇನು ಅಡಗಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಅಡಗಿದ್ದದ್ದು ಇಷ್ಟು. ಗೇಟು ದಾಟಲು ಹತ್ತು ನಿಮಿಷ, ಆಟೋಗೆ ಹದಿನೈದು, ಮೆಟ್ರೊಗೆ ಐವತ್ತು, ಸ್ಟೇಷನ್ನಿನಿಂದ ಮನೆಗೆ ಹತ್ತು, ನಮ್ಮ ಲಿಫ್ಟು ವಾರಕ್ಕೆರಡು ಸಲ ಕೆಡುವುದರಿಂದ ಮೆಟ್ಟಿಲಿಗೆ ಐದು. ಹಾಗಾಗಿ ಮೈದಾನದಿಂದ ಏಳೂವರೆಗೆ ಏಳಬೇಕು. ಮುಖ್ಯ ಗಾಯಕರು ಎಲ್ಲ ಉತ್ಸವಗಳಲ್ಲೂ ವೇದಿಕೆಗೆ ಬರುವುದು ಎಂಟಕ್ಕೆ. ಯಾರ ಹೆಸರು ನೋಡಿ ಟಿಕೆಟ್ ತೆಗೆದಿದ್ದೆವೋ ಅವರ ಮೈಕು ತಂದಿಡುವ ಹೊತ್ತಿಗೆ ಸರಿಯಾಗಿ ದೊಡ್ಡಪ್ಪ ನನ್ನ ಭುಜ ತಟ್ಟುತ್ತಿದ್ದ. "ಏಳೂವರಿ ಆತು. ನಡಿಯವ್ವಾ." ಜನರೆಲ್ಲ ಒಳಕ್ಕೆ ನುಗ್ಗುತ್ತಿರುವಾಗ ನಾವಿಬ್ಬರೇ ಹೊರಕ್ಕೆ, ಅದೂ ಛತ್ರಿಯನ್ನು ಮುಂದೆ ಚಾಚಿಕೊಂಡು. ಮೂರು ವರ್ಷ ಇದೇ ಕಥೆ. ಮರುದಿನ ಕಾಲೇಜಿನಲ್ಲಿ ಗೆಳತಿಯರು ಕೊನೆಯ ಹಾಡಿನ ಬಗ್ಗೆ ಮಾತಾಡುವಾಗ ನಾನು ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತ ಕೂರುತ್ತಿದ್ದೆ.

ಹೋಗುವುದಾದರೂ ಎಲ್ಲರಂತೆ ಸಂಜೆಗೆ ಹೋಗುತ್ತಿದ್ದೆವೇ? ಇಲ್ಲ. ಗೇಟು ತೆರೆಯುವುದು ಮೂರಕ್ಕೆ ಎಂದು ಟಿಕೆಟ್ಟಿನ ಮೇಲೆ ಬರೆದಿದೆ, ಆದ್ದರಿಂದ ಮೂರಕ್ಕೇ ಹೋಗಬೇಕು. ಗೇಟಿನಲ್ಲಿ ಪ್ರತಿ ಸಲವೂ ಡಬ್ಬಿಯ ರಾಮಾಯಣ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದು ಸೆಕ್ಯುರಿಟಿಯವನು ಹೇಳುತ್ತಿದ್ದ. "ಖಾನಾ ನೈ ಮಿಯಾ, ದವಾ ಹೈ. ಶುಗರ್ ಹೈ ಮೇರೆಕು" ಎಂದು ದೊಡ್ಡಪ್ಪ ಅವಲಕ್ಕಿಯನ್ನು ಔಷಧ ಮಾಡಿ, ಡಬ್ಬಿ ತೆರೆದು ಅವನ ಕೈಗೇ ಒಂದು ಮುಷ್ಟಿ ಹಾಕುತ್ತಿದ್ದ. ಹಿಂದೆ ಸಾಲಿನಲ್ಲಿ ನಿಂತವರು ಸಿಳ್ಳೆ ಹೊಡೆಯುತ್ತಿದ್ದರು, ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಒಳಗೆ ಹೋದ ಮೇಲೆ ಮೊದಲ ಕೆಲಸ, ನೀರಿನ ಟ್ಯಾಂಕಿನ ಪಕ್ಕದ ದೀಪದ ಕಂಬವನ್ನು ಛತ್ರಿಯಿಂದ ತೋರಿಸುವುದು. "ತಪ್ಪಿಸಿಕೊಂಡ್ರ ಇಲ್ಲಿ ಬಂದು ನಿಂದರಬೇಕು. ನೀನೂ ಅಷ್ಟ, ನಾನೂ ಅಷ್ಟ." ಪ್ರತಿ ವರ್ಷ ಅದೇ ಮೈದಾನ, ಅದೇ ಕಂಬ, ಅದೇ ಮಾತು.

ಮೂರು ಗಂಟೆಯ ಬಿಸಿಲಿಗೆ ಯಾರು ಬರುತ್ತಾರೆ? ಹೆಸರಿಲ್ಲದ ಸಣ್ಣ ತಂಡಗಳವರು ಖಾಲಿ ಮೈದಾನದ ಎದುರು ಹಾಡುತ್ತಿದ್ದರು. ಕೇಳುವವರು ಎಂಟೋ ಹತ್ತೋ ಜನ, ಅವರಲ್ಲಿ ಛತ್ರಿ ಬಿಚ್ಚಿಕೊಂಡು ಮುಂದೆ ನಿಂತವನು ನಮ್ಮ ದೊಡ್ಡಪ್ಪ. ಹಾಡು ಹಿಡಿಸಿದರೆ ಬಲಗಿವಿಯ ಹತ್ತಿ ತೆಗೆದು ಅಂಗಿಯ ಜೇಬಿಗೆ ಹಾಕುತ್ತಿದ್ದ, ಹಿಡಿಸದಿದ್ದರೆ ಇನ್ನೂ ಒತ್ತಿಕೊಳ್ಳುತ್ತಿದ್ದ. ತೀರ್ಪು ಕೂಡಲೇ ಹೊರಬೀಳುತ್ತಿತ್ತು. "ಡ್ರಮ್ಮಿನಾಂವ ವ್ಯಾಳ್ಯಾಕ್ಕ ಸರಿ ಅದಾನ. ಹಾಡಾಂವ ಐದು ನಿಮಿಷ ಲೇಟ್."

ಎರಡನೆಯ ವರ್ಷ ನಾಲ್ವರು ಹುಡುಗಿಯರ ಒಂದು ತಂಡ ಹಾಡಿತು. ಗಿಟಾರು, ತಮಟೆಯಂಥ ಒಂದು ಡಪ್ಪು, ತೆಲುಗಿನ ಜನಪದ ಹಾಡುಗಳು. ಜನರಿಲ್ಲದ್ದನ್ನು ನೋಡಿ ಹಾಡುವವಳ ದನಿ ಎರಡನೆಯ ಹಾಡಿಗೇ ಕುಸಿಯಿತು. ದೊಡ್ಡಪ್ಪ ಎರಡೂ ಕಿವಿಯ ಹತ್ತಿ ತೆಗೆದ. ಅದನ್ನು ನಾನು ನೋಡಿದ್ದು ಅದೇ ಮೊದಲು. ಒಬ್ಬನೇ ಚಪ್ಪಾಳೆ ತಟ್ಟುತ್ತ ಲಯ ಹಿಡಿದ, ಹಾಡು ಮುಗಿದರೂ ಬಿಡಲಿಲ್ಲ. ಅವರು ಕೆಳಗಿಳಿದು ಬಂದಾಗ ಡಬ್ಬಿ ಮುಂದೆ ಹಿಡಿದು, "ತಿನಂಡಮ್ಮಾ, ಖಾಳೀ ಕಡುಪುತೋ ಪಾಟ ರಾದು" ಎಂದ. ಖಾಲಿ ಹೊಟ್ಟೆಯಲ್ಲಿ ಹಾಡು ಬರುವುದಿಲ್ಲವಂತೆ. ನಾಲ್ವರೂ ಡಬ್ಬಿ ಖಾಲಿ ಮಾಡಿದರು. ಆ ದಿನ ನನಗೆ ಒಂದು ಕಾಳೂ ಉಳಿಯಲಿಲ್ಲ. ಹಸಿವಿನ ಸಿಟ್ಟನ್ನೂ ಏಳೂವರೆಯ ಸಿಟ್ಟಿಗೆ ಸೇರಿಸಿಕೊಂಡು ಮನೆಗೆ ಬಂದೆ.

ಸಭಾಂಗಣದ ಕಾರ್ಯಕ್ರಮದಲ್ಲಾದರೂ ಮಾನ ಉಳಿಯುತ್ತದೆ ಎಂದುಕೊಂಡು ಒಂದು ಭಾನುವಾರ ಬೆಳಿಗ್ಗೆ ಸಿತಾರ್ ಕಛೇರಿಗೆ ಕರೆದೊಯ್ದೆ. ಅಮ್ಮನಿಗೆ ಒಂದು ಗಂಟೆಗೆ ಊಟಕ್ಕೆ ಬರುತ್ತೇವೆ ಎಂದು ಹೇಳಿಬಿಟ್ಟಿದ್ದ. ಹನ್ನೆರಡಕ್ಕೆ, ಆಲಾಪ ಮುಗಿದು ತಬಲಾದವರು ಇನ್ನೇನು ಕೈ ಹಚ್ಚಬೇಕು, ಎದ್ದ. ಮೊದಲ ಸಾಲಿನಿಂದ ಎದ್ದು, ಸಿತಾರಿನವರಿಗೆ ಕೈಮುಗಿದು, ತನ್ನ ಗಡಿಯಾರ ತೋರಿಸಿದ. ಅಷ್ಟು ದೊಡ್ಡ ಕಲಾವಿದರು ನಕ್ಕು ತಲೆಯಾಡಿಸಿದರು. ಅವರು ನಕ್ಕದ್ದರಿಂದ ದೊಡ್ಡಪ್ಪನಿಗೆ ತಾನು ಮಾಡಿದ್ದು ಸರಿ ಎಂದು ಖಾತ್ರಿಯಾಯಿತು. ನಾನು ಮುಖಕ್ಕೆ ದುಪಟ್ಟಾ ಮುಚ್ಚಿಕೊಂಡು ಹೊರಗೆ ಓಡಿದೆ.

ಕೊನೆಯ ವರ್ಷದ ಉತ್ಸವಕ್ಕೆ, ಹೈಸ್ಕೂಲಿನಿಂದಲೂ ನಾನು ಕೇಳುತ್ತ ಬಂದಿದ್ದ ಗಾಯಕಿಯೊಬ್ಬಳು ಬರುವವಳಿದ್ದಳು. ಅವಳ ಹಾಡುಗಳನ್ನು ಹಾಕಿಕೊಂಡೇ ನಾನು ಪರೀಕ್ಷೆಗೆ ಓದಿದ್ದೆ, ಅವಳ ಹಾಡುಗಳನ್ನು ಕೇಳುತ್ತಲೇ ಅತ್ತಿದ್ದೆ. ವಾರವಿಡೀ ದೊಡ್ಡಪ್ಪನನ್ನು ಗೋಗರೆದೆ. ಅಪ್ಪನಿಗೆ ಫೋನ್ ಮಾಡಿ, ಈ ಒಂದು ಸಲ ತಡವಾಗುತ್ತದೆ ಎಂದು ಹೇಳು ಎಂದೆ.

"ಆಗಂಗಿಲ್ಲವ್ವಾ. ನಿಮ್ಮಪ್ಪ ಹೂಂ ಅಂದದ್ದ ಒಂಬತ್ತಕ್ಕಂತ. ಒಂದ ಸಲ ತಪ್ಪಿದ್ರ ಮುಂದಿಂದೆಲ್ಲಾ ಹೋಗ್ತೈತಿ, ತಿಳಕೋ."

"ಒಂದು ಫೋನ್, ದೊಡ್ಡಪ್ಪಾ! ಒಂದ ಫೋನ್!"

"ಆಗಂಗಿಲ್ಲ."

ಉತ್ಸವದ ದಿನ ಏಳು ಇಪ್ಪತ್ತಕ್ಕೆ, ಬಾತ್‌ರೂಮಿಗೆ ಹೋಗಿ ಬರುತ್ತೇನೆ ಎಂದು ಹೇಳಿ ನಾನು ಜನರೊಳಗೆ ನುಗ್ಗಿದೆ. ಫೋನ್ ಆಫ್ ಮಾಡಿದೆ. ತಳ್ಳುತ್ತ ತಳ್ಳಿಸಿಕೊಳ್ಳುತ್ತ ವೇದಿಕೆಯ ಹತ್ತಿರ ಹೋಗಿ ನಿಂತೆ. ಎಂಟು ಹತ್ತಕ್ಕೆ ಅವಳು ಬಂದಳು. ನಾಲ್ಕೋ ಐದೋ ಹಾಡು ಕೇಳಿದೆ. ಯಾವ ಹಾಡು ಎಂದು ಕೇಳಬೇಡಿ, ನೆನಪಿಲ್ಲ. ಮೂರು ವರ್ಷ ಕಾದ ಹಾಡುಗಳು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋದವು. ತಲೆಯಲ್ಲಿದ್ದದ್ದು ಒಂದೇ, ಎಪ್ಪತ್ತರ ಮುದುಕ ಈ ನೂಕುನುಗ್ಗಲಲ್ಲಿ ಎಲ್ಲಿ ಬಿದ್ದಿದ್ದಾನೋ. ಹಾಡಿನ ನಡುವೆಯೇ ತಿರುಗಿ ಹೊರಟೆ. ಕಂಬದ ಹತ್ತಿರ ಬಂದೆ. ಕಂಬದ ಕೆಳಗೆ ಯಾರೂ ಇರಲಿಲ್ಲ.

ಗೇಟಿಗೆ ಓಡಿದೆ. ಅವಲಕ್ಕಿ ತಿಂದಿದ್ದ ಸೆಕ್ಯುರಿಟಿಯವನು ನನ್ನನ್ನು ಕಂಡೊಡನೆ ರೇಗಿದ. ನೀನು ಹೊರಗೆ ಹೋಗಿದ್ದೀಯೇನೋ ಎಂದು ಚಾಚಾ ನೋಡಲು ಹೋದರು, ಒಮ್ಮೆ ಹೊರಗೆ ಹೋದವರನ್ನು ಒಳಗೆ ಬಿಡುವಂತಿಲ್ಲ, ಆಗಿನಿಂದ ಅಲ್ಲೇ ನಿಂತಿದ್ದಾರೆ ಎಂದು ಕೈ ತೋರಿಸಿದ. ಬೇಲಿಯಾಚೆ, ಮಳೆಯಿಲ್ಲ ಬಿಸಿಲಿಲ್ಲ, ಒಂದು ಕರಿ ಛತ್ರಿ ಬಿಚ್ಚಿಕೊಂಡಿತ್ತು. ಯಾವ ಕಡೆಯಿಂದ ಬಂದರೂ ನನಗೆ ಕಾಣಲಿ ಎಂದು ಅದನ್ನು ತಲೆಯ ಮೇಲೆ ಎತ್ತರಕ್ಕೆ ಹಿಡಿದು ನಿಂತಿದ್ದ.

ನಾನು ಎದುರು ನಿಂತೆ. ಬೈಯಲಿ ಎಂದು ಕಾದೆ.

"ಹಾಡಿದಳೇನು?" ಎಂದ.

"ಹೂಂ."

"ಚೊಲೊ ಹಾಡಿದಳೇನು?"

ಗೊತ್ತಿಲ್ಲ ಎಂದು ಹೇಳುತ್ತ ನಾನು ಅತ್ತುಬಿಟ್ಟೆ. ಆಗ ನೋಡಿದೆ, ಅವನ ಎರಡು ಕಿವಿಗಳಲ್ಲೂ ಹತ್ತಿ ಇರಲಿಲ್ಲ. ಯಾಕೆಂದು ಕೇಳಿದರೆ, "ನೀ ಕರದ್ರ ಕೇಳಸಬೇಕಲ್ಲ" ಎಂದ. ಛತ್ರಿ ಮಡಚಿ ಆಟೋ ಕರೆದ.

ಮನೆ ತಲುಪಿದಾಗ ಹತ್ತು ಇಪ್ಪತ್ತು. ಲಿಫ್ಟು ಎಂದಿನಂತೆ ಕೆಟ್ಟಿತ್ತು. ಅವನು ನನಗಿಂತ ಮುಂದೆ ದಡದಡ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪನಿಗೆ ಹೇಳಿದ: "ಮೊಣಕಾಲು ಹಿಡಕೊಂಡಬಿಡ್ತು. ಒಂದೂವರಿ ತಾಸು ಅಲ್ಲೇ ಕುಂತುಬಿಟ್ಟೆ. ಪಾಪ, ಹುಡುಗಿ ಏನ ಮಾಡ್ಯಾಳು."

ಆಯುಷ್ಯದಲ್ಲಿ ಅಣ್ಣನಿಗೆ ಎದುರಾಡದ ಅಪ್ಪ ಅವತ್ತು ಗಂಟಲು ಹರಿಯುವಂತೆ ಬೈದ. ವಯಸ್ಸಿಗೆ ತಕ್ಕ ಬುದ್ಧಿ ಬೇಡವೇ ಎಂದ, ಮಾತಿಗೆ ಬೆಲೆ ಇಲ್ಲವೇ ಎಂದ. ಮಾತಿಗೆ ಬೆಲೆ ಇಲ್ಲವೇ! ಯಾರಿಗೆ ಹೇಳಿದ್ದು ಅದನ್ನು? ದೊಡ್ಡಪ್ಪ ತಲೆ ತಗ್ಗಿಸಿ ಛತ್ರಿಯ ಹಿಡಿ ತಿರುಗಿಸುತ್ತ ನಿಂತಿದ್ದ. ನಾನು ಗೋಡೆಗೆ ಒರಗಿಕೊಂಡು ನೋಡುತ್ತಿದ್ದೆ. ಒಂದು ಮಾತು ಆಡಲಿಲ್ಲ. ಇವತ್ತಿಗೂ ನನ್ನ ಮೇಲೆ ನನಗೆ ಇರುವ ಸಿಟ್ಟು ಬೇರೆ ಯಾರ ಮೇಲೂ ಇಲ್ಲ. "ಇನ್ನ ಇಬ್ಬರೂ ಎಲ್ಲಿಗೂ ಹೋಗೂದು ಬ್ಯಾಡ" ಎಂದು ಅಪ್ಪ ಒಳಗೆ ಹೋದ. ದೊಡ್ಡಪ್ಪ ಹೇಳಿದಂತೆಯೇ ಆಯಿತು, ಮುಂದಿನದೆಲ್ಲ ಹೋಯಿತು.

ಹೇಳಿದ ಸುಳ್ಳನ್ನು ಅಲ್ಲಿಗೇ ಬಿಟ್ಟನೇ? ಅದನ್ನೂ ವೇಳೆಗೆ ಸರಿಯಾಗಿ ಪಾಲಿಸಿದ. ಒಂದು ತಿಂಗಳು ಮನೆಯಲ್ಲಿ ಕುಂಟಿದ. ಅಮ್ಮ ಕೋಠಿಯ ಪೇಟೆಯಿಂದ ಔಷಧದ ಎಣ್ಣೆ ತಂದು ದಿನಾ ಬೆಳಿಗ್ಗೆ ಬಿಸಿ ಮಾಡಿ ಕೊಡುತ್ತಿದ್ದಳು. ಗುಂಡುಕಲ್ಲಿನಂತಿದ್ದ ಮೊಣಕಾಲಿಗೆ ಅವನು ಹಾ ಹೂ ಎನ್ನುತ್ತ ತಿಕ್ಕಿಕೊಳ್ಳುತ್ತಿದ್ದ. ನನಗೆ ತಡೆಯಲಾಗದೆ, ಇವತ್ತು ಅಪ್ಪನಿಗೆ ನಿಜ ಹೇಳಿಬಿಡುತ್ತೇನೆ ಎಂದರೆ ಕಣ್ಣು ಬಿಡುತ್ತಿದ್ದ. "ಸುಮ್ಮನಿರು. ಎಣ್ಣಿ ಭಾಳ ಚೊಲೊ ಐತಿ." ಒಮ್ಮೊಮ್ಮೆ ಯಾವ ಕಾಲು ಎಂಬುದು ಮರೆತು ಇನ್ನೊಂದರಲ್ಲಿ ಕುಂಟುತ್ತಿದ್ದ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಪೇಪರು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲೇ ತೀರಿಕೊಂಡ. ಕರ್ಮವೆಲ್ಲ ಮುಗಿದ ದಿನ ಅಪ್ಪ ಅವನ ಛತ್ರಿಯನ್ನು ಒರೆಸುತ್ತ ಬಾಲ್ಕನಿಯಲ್ಲಿ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ, ನಾನು ತಪ್ಪಿಸಿಕೊಂಡಿದ್ದೆ ಎಂದೆ.

"ಗೊತ್ತಿತ್ತು" ಎಂದ ಅಪ್ಪ. "ಮೊಣಕಾಲು ಹಿಡದಾಂವ ಮೂರು ಅಂತಸ್ತು ನಿನಗಿಂತ ಮೊದಲ ಹತ್ತಿ ಬರ್ತಾನೇನು?"

"ಮತ್ತ ಯಾಕ ಬೈದಿ ಅವಗ?"

ಅಪ್ಪ ಛತ್ರಿಯ ಕಡ್ಡಿಗಳನ್ನು ಒಂದೊಂದಾಗಿ ಒರೆಸಿದ. "ಬೈಸಿಕೊಳ್ಳಾಕಂತನ ಬಂದು ಮುಂದ ನಿಂತಿದ್ದ. ಬೈದೆ."

ಈಗ ನಾನು ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಈ ವರ್ಷ ಒಬ್ಬಳೇ ಉತ್ಸವಕ್ಕೆ ಹೋದೆ, ದೊಡ್ಡಪ್ಪನ ಛತ್ರಿ, ಅವಲಕ್ಕಿಯ ಡಬ್ಬಿ ಹಿಡಿದು, ಬಿಸಿಲಿನಲ್ಲಿ, ಮೂರಕ್ಕೆ ಸರಿಯಾಗಿ. ಆ ನಾಲ್ವರು ಹುಡುಗಿಯರೂ ಇದ್ದರು. ಅವರ ಸರದಿ ಈಗ ಐದೂವರೆಗೆ, ಎದುರಿಗೆ ಮುನ್ನೂರು ಜನರಾದರೂ ಇದ್ದರು. ಹಾಡಿ ಕೆಳಗಿಳಿದವಳು ನನ್ನ ಗುರುತು ಹಿಡಿದು ಸುತ್ತ ನೋಡಿ, "ತಾತಗಾರು ರಾಲೇದಾ?" ಎಂದಳು. ತಾತ ಬರಲಿಲ್ಲವೇ ಎಂದು ಕೇಳಿದವಳಿಗೆ ತಾತ ಇನ್ನಿಲ್ಲ ಎಂದೆ. ಡಬ್ಬಿ ಮುಂದೆ ಹಿಡಿದೆ. ನಾಲ್ವರೂ ಒಂದೊಂದು ಮುಷ್ಟಿ ತೆಗೆದುಕೊಂಡರು.

ಏಳೂವರೆಗೆ ಅಪ್ಪನಿಗೆ ಫೋನ್ ಮಾಡಿ, ಬರುವುದು ಹತ್ತೂವರೆಯಾಗುತ್ತದೆ ಎಂದೆ. "ಪೂರಾ ಕೇಳಿಕೊಂಡ ಬಾ" ಎಂದು ಇಟ್ಟುಬಿಟ್ಟ. ಅರ್ಧ ನಿಮಿಷವೂ ಆಗಲಿಲ್ಲ. ಇಷ್ಟೇ ಅಲ್ಲವೇ ದೊಡ್ಡಪ್ಪಾ ನಾನು ಮಾಡು ಎಂದದ್ದು, ಒಂದು ಫೋನ್? ಜನ ವೇದಿಕೆಯ ಕಡೆ ನುಗ್ಗುತ್ತಿದ್ದರು. ನಾನು ಮುಂದೆ ಹೋಗಲಿಲ್ಲ. ನೀರಿನ ಟ್ಯಾಂಕಿನ ಪಕ್ಕದ ಕಂಬದ ಕೆಳಗೆ ಛತ್ರಿ ಹಿಡಿದುಕೊಂಡು, ಕೊನೆಯ ಹಾಡು ಮುಗಿಯುವವರೆಗೂ ಅಲ್ಲೇ ನಿಂತಿದ್ದೆ. ತಪ್ಪಿಸಿಕೊಂಡರೆ ಅಲ್ಲಿಗೇ ಬರಬೇಕು ಎಂದು ಅವನೇ ಹೇಳಿದ್ದ.